ಕರಾರಿನ ಋಣ, ಗೆಳೆಯನ ಋಣ

ಉನ್ನತ ವಿದ್ಯೆಗೆ ಹಣವೆಲ್ಲಿಂದ ಎಂಬ ಚಿಂತೆ ಡಾ. ಭೀಮರಾವ್ ಅಂಬೇಡ್ಕರರನ್ನು ಹದಿನಾರು ವರ್ಷ ಬೆಂಬಿಡದೆ ಕಾಡಿತು. 1907ರಲ್ಲಿ ಅವರು ಮೆಟ್ರಿಕ್ಯುಲೇಷನ್ ಮುಗಿಸಿದಾಗ ತಂದೆ ರಾಮಜಿ ಸಕ್ಪಾಲರು ಸೈನ್ಯದಿಂದ ನಿವೃತ್ತರಾಗಿದ್ದರು. ಮುಂಬಯಿಯ ಪರೇಲಿನ ಇಕ್ಕಟ್ಟಾದ ಚಾಳಿನಲ್ಲಿ ಸಂಸಾರ. ಎಲ್ಫಿನ್‌ಸ್ಟನ್ ಕಾಲೇಜಿನ ಓದು ನಡುದಾರಿಯಲ್ಲಿ ನಿಲ್ಲುವಂತಾದಾಗ ಕೇಳುಸ್ಕರ್ ಎಂಬ ಉಪಾಧ್ಯಾಯರು ಹುಡುಗನನ್ನು ಬರೋಡೆಯ ಸಯಾಜಿರಾವ್ ಮಹಾರಾಜರ ಬಳಿಗೆ ಕರೆದೊಯ್ದರು. ತಿಂಗಳಿಗೆ 25 ರೂಪಾಯಿ ವೇತನ ದೊರೆಯಿತು, 1912ರಲ್ಲಿ ಬಿ.ಎ. ಆಯಿತು.

ಮರುವರ್ಷ ಅದೇ ಮಹಾರಾಜರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಲು ಮೂರು ವರ್ಷ ತಿಂಗಳಿಗೆ ಹನ್ನೊಂದೂವರೆ ಪೌಂಡು ಕೊಡಲೊಪ್ಪಿದರು. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಸಹಿಗೆಂದು ಅರ್ಜಿ ಹಿಡಿದು ನನ್ನ ಮೇಜಿನ ಬಳಿಗೆ ಬರುವ ಹುಡುಗರು ಮೊತ್ತವನ್ನು ಎರಡು ಸಲ ಓದುತ್ತಾರೆ, ನಿಬಂಧನೆಗಳನ್ನು ಒಂದು ಸಲವೂ ಓದುವುದಿಲ್ಲ. ಅಂಬೇಡ್ಕರರಾದರೋ ಎಷ್ಟು ಓದಿದರೂ ಬೇರೆ ದಾರಿಯಿರಲಿಲ್ಲ. ಆ ಫೆಬ್ರವರಿಯಲ್ಲಷ್ಟೆ ತಂದೆ ತೀರಿಕೊಂಡಿದ್ದರು.

ನ್ಯೂಯಾರ್ಕಿನಲ್ಲಿ ಆ ಪೌಂಡುಗಳಲ್ಲೇ ಊಟ, ವಸತಿ, ಹಳೆಯ ಪುಸ್ತಕಗಳ ಖರೀದಿ. ಅದರಲ್ಲೇ ಉಳಿಸಿ ಮನೆಗೂ ಕಳುಹಿಸಬೇಕು. 1915ರಲ್ಲಿ ಎಂ.ಎ. ಪಡೆದು, ಮರುವರ್ಷ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರದ ವಿದ್ಯಾಲಯವನ್ನೂ ಗ್ರೇಸ್ ಇನ್ನನ್ನೂ ಸೇರಿದರು. ಅಷ್ಟರಲ್ಲಿ ವೇತನದ ಅವಧಿ ತೀರಿತು. ನಾಲ್ಕು ವರ್ಷದೊಳಗೆ ಮರಳಿ ಬಂದು ವ್ಯಾಸಂಗ ಮುಂದುವರಿಸಲು ವಿಶ್ವವಿದ್ಯಾನಿಲಯದ ಅನುಮತಿ ಪಡೆದು 1917ರಲ್ಲಿ ಹಿಂದಿರುಗಿದರು. ಸಾಮಾನು ತುಂಬಿದ ಹಡಗು ಯುದ್ಧದ ಹೊಡೆತಕ್ಕೆ ಮುಳುಗಿತು. ಕರಾರು ಸಲ್ಲಿಸಲು ಬರೋಡೆಗೆ ಹೊರಟಾಗ ದಾರಿಯ ಖರ್ಚಿಗೆ ಒದಗಿದ್ದು ಆ ನಷ್ಟದ ಪರಿಹಾರದ ಹಣವೇ.

ಹುದ್ದೆಯೇನೋ ಸಿದ್ಧವಿತ್ತು, ತಲೆಗೊಂದು ಸೂರು ಇರಲಿಲ್ಲ. ಅಸ್ಪೃಶ್ಯನಿಗೆ ಮನೆ ಕೊಡುವವರು ಊರಿನಲ್ಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ದಿನಕ್ಕೆ ಒಂದೂವರೆ ರೂಪಾಯಿಗೆ, ಪಾರ್ಸಿ ಹೆಸರಿನಲ್ಲಿ ತಂಗಿದರು. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದವರ ಗುಂಪು ಬಂದು ಕೋಣೆ ಬಿಡಲು ಗಡುವು ವಿಧಿಸಿತು. ಗೆಳೆಯರ ಮನೆಯಲ್ಲಿಯೂ ಆಶ್ರಯ ದೊರೆಯಲಿಲ್ಲ. ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು ರಾತ್ರಿಯ ರೈಲು ಹಿಡಿದರು. ಹತ್ತು ವರ್ಷದ ಒಪ್ಪಂದ ಹನ್ನೊಂದು ದಿನಕ್ಕೆ ಮುರಿದುಬಿತ್ತು. ಕರಾರುಪತ್ರ ಬರೆದವರು ಸೇವೆಯ ಅವಧಿಯನ್ನು ನಮೂದಿಸಿದ್ದರು. ಸೇವಕನು ಎಲ್ಲಿ ಮಲಗಬೇಕೆಂಬುದು ಅವರಿಗೆ ಹೊಳೆದಿರಲಿಲ್ಲವೆಂದು ತೋರುತ್ತದೆ. ಮಹಾರಾಜರ ಔದಾರ್ಯ ದೊಡ್ಡದು. ಆದರೆ ಅದು ಅರಮನೆಯ ಹೊಸ್ತಿಲು ದಾಟಿ ಊರಿನ ಬೀದಿಗಿಳಿಯಲಿಲ್ಲ.

ಆಮೇಲೆ ಅವರು ಹಿಡಿದ ದಾರಿ ಬೇರೆ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ತಿಂಗಳಿಗೆ 450 ರೂಪಾಯಿಯ ಅಧ್ಯಾಪಕ ವೃತ್ತಿ ದೊರೆತಾಗ ಸಂಸಾರವನ್ನು ಚಾಳಿನಿಂದ ಕದಲಿಸಲಿಲ್ಲ. ಮನೆವೆಚ್ಚಕ್ಕೆಂದು ಗೊತ್ತಾದ ಮೊತ್ತವನ್ನು ಪತ್ನಿ ರಮಾಬಾಯಿಯವರ ಕೈಗಿಟ್ಟು ಉಳಿದುದನ್ನು ಲಂಡನ್ನಿಗಾಗಿ ಕೂಡಿಟ್ಟರು. ಈ ಉಳಿತಾಯದಲ್ಲಿ ಆ ತಾಯಿಯ ಪಾಲೆಷ್ಟೆಂಬುದನ್ನು ಯಾವ ಪದವಿಪತ್ರವೂ ಹೇಳುವುದಿಲ್ಲ. ಸಾಲದುದಕ್ಕೆ ಕೊಲ್ಲಾಪುರದ ಶಾಹು ಮಹಾರಾಜರ ನೆರವು. ಗೆಳೆಯ ನವಲ್ ಭಥೇನಾ ಅವರಿಂದ ಐದು ಸಾವಿರ ರೂಪಾಯಿ ಸಾಲ. ಒಬ್ಬ ಪಾರ್ಸಿಯ ಗೂಡಿನಿಂದ ಹೊರದೂಡಿಸಿಕೊಂಡವರಿಗೆ ಕೈ ನೀಡಿದವನೂ ಪಾರ್ಸಿಯೇ. ಆ ಸಾಲಕ್ಕೆ ಹತ್ತು ವರ್ಷದ ಸೇವೆಯ ಹಂಗಿರಲಿಲ್ಲ.

1920ರ ಜುಲೈನಲ್ಲಿ ಮತ್ತೆ ಲಂಡನ್ನು. ಬೆಳಿಗ್ಗೆ ಒಂದು ಚೂರು ರೊಟ್ಟಿ, ಚಹ. ಬಾಗಿಲು ಹಾಕುವವರೆಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯ. ರಾತ್ರಿಯ ಹಸಿವಿಗೆ ಪರಿಚಿತರೊಬ್ಬರು ಕೊಟ್ಟ ಹಪ್ಪಳ. 1921ರಲ್ಲಿ ಎಂ.ಎಸ್ಸಿ. ಆಯಿತು. ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧವನ್ನು ತಿದ್ದಿಕೊಡಬೇಕೆಂದು ಪರೀಕ್ಷಕರು ಹೇಳುವ ವೇಳೆಗೆ ಕೈಯಲ್ಲಿದ್ದ ಹಣ ಕರಗಿತ್ತು. 1923ರಲ್ಲಿ ಮುಂಬಯಿಗೆ ಮರಳಿ ಅಲ್ಲಿಂದಲೇ ತಿದ್ದಿ ಕಳುಹಿಸಿದರು. ಡಿ.ಎಸ್ಸಿ. ಪದವಿ ಬಂತು. ಬ್ಯಾರಿಸ್ಟರರಾಗಿದ್ದರೂ ವಕೀಲಿಯ ಸನದಿಗೆ ಕಟ್ಟಬೇಕಾದ ಶುಲ್ಕ ಕೈಯಲ್ಲಿರಲಿಲ್ಲ. ಅದನ್ನು ಕೊಟ್ಟವರೂ ಭಥೇನಾ ಅವರೇ.