ಉತ್ತಂಗಿ ಚನ್ನಪ್ಪನವರ ಚರಿತ್ರೆ



ಉಡುಪಿಯ ಪೇಟೆಯಲ್ಲಾಗಲಿ, ಕಾಪುವಿನ ಕಡಲತಡಿಯಲ್ಲಾಗಲಿ, ಕಾರ್ಕಳದ ಸಂತೆಯಲ್ಲಾಗಲಿ ನಮ್ಮ ಸಭೆಗಳವರಿಗೆ ಒಂದು ಪ್ರಶ್ನೆಯು ಆಗಾಗ್ಗೆ ಎದುರಾಗುವದುಂಟು. ನೀವು ಯಾವ ದೇಶದವರ ಮತವನ್ನು ಹಿಡಿದಿರಿ, ನೀವು ಯಾರ ಕಡೆಯವರು ಎಂದು ನೆರೆಯವರು ಕೇಳುತ್ತಾರೆ. ಕೆಲವರು ಹಾಸ್ಯಕ್ಕಾಗಿ ಕೇಳುವರು, ಕೆಲವರು ಕೋಪದಿಂದ ಕೇಳುವರು. ಉತ್ತರ ತೋಚದೆ ತಲೆತಗ್ಗಿಸಿ ಮನೆಗೆ ಬಂದ ಯೌವನಸ್ಥರನ್ನು ನಾವು ನೋಡಿದ್ದೇವೆ. ಸಿಟ್ಟಿನಿಂದ ಉತ್ತರ ಕೊಟ್ಟು ನೆರೆಹೊರೆಯ ಸ್ನೇಹವನ್ನು ಕಳಕೊಂಡವರನ್ನೂ ಬಲ್ಲೆವು. ಈ ಪ್ರಶ್ನೆಗೆ ತಮ್ಮ ಆಯುಷ್ಯದ ಕೆಲಸದಿಂದಲೇ ಉತ್ತರ ಕೊಟ್ಟ ಒಬ್ಬ ಬೋಧಕರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಚನ್ನಪ್ಪನವರು ೧೮೮೧ನೆಯ ಇಸವಿಯ ಅಕ್ಟೋಬರ್ ೨೮ರಂದು ಧಾರವಾಡದಲ್ಲಿ ಒಂದು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಉತ್ತಂಗಿ ಎಂಬದು ಹೂವಿನಹಡಗಲಿಯ ಸೀಮೆಯ ಒಂದು ಹಳ್ಳಿಯ ಹೆಸರು. ಅವರು ಕಡೆಯವರೆಗೂ ಊರಿನ ಈ ಹೆಸರನ್ನೂ, ಚನ್ನಪ್ಪನೆಂಬ ನಾಡಿನ ಹೆಸರನ್ನೂ ಬಿಡಲಿಲ್ಲ. ಅದೇ ಹೆಸರಿನಿಂದ ಕರ್ತನ ಸೇವೆಗೆ ನಿಂತರು, ಅದೇ ಹೆಸರಿನಿಂದ ನಾಡಿಗೆಲ್ಲ ಪರಿಚಿತರಾದರು.

ದೈವಜ್ಞಾನದ ಅಭ್ಯಾಸಕ್ಕಾಗಿ ಅವರು ನಮ್ಮ ಮಂಗಳೂರಿಗೆ ಬಂದರು. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವು ೧೮೪೩ರಲ್ಲಿ ಮೋಗ್ಲಿಂಗ್ ಅಯ್ಯನವರ ಕೈಯಿಂದ ಹೊರಟಿತು. ತುಳು ಭಾಷೆಯ ಹೊಸ ಒಡಂಬಡಿಕೆಯು ೧೮೪೭ರಲ್ಲಿಯೂ ಕಿಟ್ಟೆಲ್ ಅಯ್ಯನವರ ಮಹಾ ನಿಘಂಟು ೧೮೯೪ರಲ್ಲಿಯೂ ಅಲ್ಲಿಂದಲೇ ಪ್ರಕಟವಾದವು. ಸುವಾರ್ತೆಯನ್ನು ಸಾರುವವನು ಜನರ ಭಾಷೆಯನ್ನು ಕಲಿಯದೆ ಇರಬಾರದೆಂಬ ವಾಡಿಕೆಯು ಆ ಊರಿನಲ್ಲಿ ಬೇರೂರಿತ್ತು. ಪರದೇಶದಿಂದ ಬಂದವರೇ ಇಷ್ಟು ಪ್ರಯಾಸಪಟ್ಟಿರುವಾಗ ಇಲ್ಲಿಯೇ ಹುಟ್ಟಿದ ಬೋಧಕನು ಎಷ್ಟು ಮಾಡಬೇಕಾದೀತು? ಚನ್ನಪ್ಪನವರ ಮುಂದಿನ ಕೆಲಸವನ್ನೆಲ್ಲ ನೋಡಿದರೆ ಈ ಪ್ರಶ್ನೆಯನ್ನು ಅವರು ಮನಸ್ಸಿಗೆ ತಂದುಕೊಂಡರೆಂದೇ ತೋರುತ್ತದೆ.

ಅವರು ಉತ್ತರದ ಸಭೆಗಳಲ್ಲಿ ಸೇವೆಮಾಡುತ್ತಿದ್ದ ಕಾಲದಲ್ಲಿ, ೧೯೧೪ರಲ್ಲಿ, ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ನಿನ್ನೆಯವರೆಗೆ ಅಯ್ಯನವರೆಂದು ಎಲ್ಲರೂ ನಮಸ್ಕರಿಸುತ್ತಿದ್ದ ಜರ್ಮನ್ ಮಿಶನೆರಿಗಳು ಸರಕಾರಕ್ಕೆ ಶತ್ರುಗಳಾದರು. ಸೆರೆಯ ಪಾಳೆಯಗಳಲ್ಲಿ ಇಡಲ್ಪಟ್ಟು ಕಡೆಗೆ ದೇಶವನ್ನೇ ಬಿಡಬೇಕಾಯಿತು. ನಮ್ಮ ಹಿರಿಯರಿಗೆ ಅನ್ನ ಕೊಡುತ್ತಿದ್ದ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ೧೯೧೯ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಮಲ್ಪೆಯ ಹಂಚಿನ ಕಾರ್ಖಾನೆಯನ್ನು ನೆನಸುವ ಮನೆಗಳು ನಮ್ಮ ಸಭೆಗಳಲ್ಲಿ ಇನ್ನೂ ಉಂಟು. ಪರದೇಶದ ಆಶ್ರಯವು ಅರಸರ ಜಗಳದೊಂದಿಗೆ ಬೀಳುವದೆಂದು ಆಗ ಎಲ್ಲರೂ ಕಂಡರು. ಆದರೂ ಸಭೆಯು ಬೀಳಲಿಲ್ಲ. ಯಾಕಂದರೆ ಅದರ ಅಸ್ತಿವಾರವು ಯಾವ ರಾಜ್ಯದ ಬಾವುಟದ ಮೇಲೆಯೂ ಇರಲಿಲ್ಲ.

೧೯೨೧ರಲ್ಲಿ ಚನ್ನಪ್ಪನವರು ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಪುಸ್ತಕವನ್ನು ಬರೆದರು. ಹೆಸರೇ ಅದರ ಭಾವವನ್ನು ತಿಳಿಸುತ್ತದೆ. ಬೆತ್ಲೆಹೇಮು ಬನಾರಸಕ್ಕೆ ಆಜ್ಞೆ ಕೊಡುವದಿಲ್ಲ, ಬಾಗಿಲಲ್ಲಿ ನಿಂತು ವಿನಂತಿಮಾಡುತ್ತದೆ. ಆಳುವವರ ಮತವೆಂಬ ಮೋರೆಯಿಂದ ಸುವಾರ್ತೆಯನ್ನು ತೋರಿಸುವದಕ್ಕೂ, ಕೊಟ್ಟಿಗೆಯಲ್ಲಿ ಹುಟ್ಟಿದವನನ್ನು ನೆರೆಯವನ ಮನೆಯಲ್ಲಿ ವಿನಯದಿಂದ ಪರಿಚಯಿಸುವದಕ್ಕೂ ಎಷ್ಟು ಅಂತರವಿದೆ ಎಂಬದನ್ನು ನಮ್ಮ ಉಪದೇಶಿಗಳು ಚೆನ್ನಾಗಿ ಯೋಚಿಸಬೇಕು.

ಮೂರು ವರುಷಗಳ ತರುವಾಯ, ೧೯೨೪ರಲ್ಲಿ, ಅವರ ಬಹುಕಾಲದ ಶ್ರಮದ ಫಲವಾದ ಸರ್ವಜ್ಞನ ವಚನಗಳು ಪ್ರಕಟವಾದವು. ಸರ್ವಜ್ಞನ ತ್ರಿಪದಿಗಳು ಒಕ್ಕಲಿಗರ ಬಾಯಲ್ಲಿಯೂ ಹಳೆಯ ಓಲೆಗಳಲ್ಲಿಯೂ ಚದರಿಬಿದ್ದಿದ್ದವು. ಅವುಗಳನ್ನು ಹುಡುಕಿ, ಒಂದನ್ನೊಂದಕ್ಕೆ ಹೋಲಿಸಿ, ವಿಂಗಡಿಸಿ, ಎಲ್ಲರಿಗೂ ಓದಲು ಸಿಕ್ಕುವಂತೆ ಮಾಡಿದವರು ಈ ಕ್ರೈಸ್ತ ಬೋಧಕರು. ಅದೇ ವರುಷದ ದಶಂಬರದಲ್ಲಿ ಬೆಳಗಾವಿಯಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಸಭೆ ಕೂಡಿತು. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾಗಬೇಕೆಂಬ ಕೂಗೂ ಅಲ್ಲಿ ಎದ್ದಿತು. ಆಗ ಧಾರವಾಡವು ಮುಂಬಯಿ ಪ್ರಾಂತಕ್ಕೆ, ನಮ್ಮ ಉಡುಪಿ ಕಾರ್ಕಳಗಳು ಮದ್ರಾಸಿಗೆ, ಕಲಬುರಗಿಯು ನಿಜಾಮನ ರಾಜ್ಯಕ್ಕೆ ಸೇರಿದ್ದವು. ಚನ್ನಪ್ಪನವರು ತಮ್ಮನ್ನು ತಿರುಳ್ಗನ್ನಡದ ತಿರುಕನೆಂದು ಕರಕೊಂಡರು. ಪಂಡಿತನೆಂದು ಹೇಳಿಕೊಳ್ಳಲು ಅರ್ಹರಾಗಿದ್ದವರು ಭಿಕ್ಷುಕನ ಹೆಸರನ್ನು ಆರಿಸಿಕೊಂಡರು!

ಆ ದಿನಗಳಲ್ಲಿ ಕ್ರೈಸ್ತರ ರಾಜಕೀಯ ಸ್ಥಾನದ ವಿಷಯದಲ್ಲಿ ದೊಡ್ಡ ಚರ್ಚೆ ನಡೆಯಿತು. ಕ್ರೈಸ್ತರಿಗೆ ಪ್ರತ್ಯೇಕ ಮತದಾರರ ಪಟ್ಟಿ ಇರಬೇಕೆಂದು ಕೆಲವರು ಕೇಳಿದರು. ತಮಿಳುನಾಡಿನ ಪ್ರೊಟೆಸ್ಟಂಟ್ ಮುಖಂಡರಾದ ಕೆ. ಟಿ. ಪಾಲ್‌ರವರು ೧೯೩೦ರ ದುಂಡುಮೇಜಿನ ಪರಿಷತ್ತಿಗೆ ಹೋದವರು. ಹಾಗೆ ಬೇರೆಯಾಗಿ ನಿಲ್ಲುವದು ಸಭೆಗೆ ಹಿತವಲ್ಲವೆಂಬದು ಅವರ ಪಕ್ಷ. ೧೯೩೨ರ ಮತೀಯ ತೀರ್ಪಿನಿಂದ ಆ ಪಟ್ಟಿ ಬಂದೇ ಬಂತು. ಆದರೆ ಸ್ವಾತಂತ್ರ್ಯ ಬಂದ ಮೇಲೆ, ೧೯೪೯ರಲ್ಲಿ, ಮತದ ಆಧಾರದ ಮೀಸಲು ಸ್ಥಾನಗಳನ್ನು ಬಿಡುವದಕ್ಕೆ ಸಂವಿಧಾನ ಸಭೆಯು ಒಪ್ಪಿತು. ಆ ಸಭೆಯ ಉಪಾಧ್ಯಕ್ಷರಾದ ಎಚ್. ಸಿ. ಮುಖರ್ಜಿಯವರು ಬಂಗಾಲದ ಕ್ರೈಸ್ತರು. ಅವರೂ ಇದಕ್ಕೆ ಸಮ್ಮತಿಸಿದರು. ನೆರೆಯವರ ನಂಬಿಕೆಯ ಮೇಲೆ ಭಾರ ಹಾಕಿ ಕ್ರೈಸ್ತರು ಸಾಮಾನ್ಯ ಪೌರರ ಸಾಲಿನಲ್ಲಿ ನಿಂತರು.

ಆ ೧೯೪೯ರಲ್ಲಿಯೇ ಕನ್ನಡ ಸಾಹಿತ್ಯ ಸಮ್ಮೇಳನದ ೩೨ನೆಯ ಅಧಿವೇಶನವು ಕಲಬುರಗಿಯಲ್ಲಿ ಕೂಡಿತು. ಹೈದರಾಬಾದು ಭಾರತಕ್ಕೆ ಸೇರಿ ಇನ್ನೂ ಬಹಳ ಕಾಲವಾಗಿರಲಿಲ್ಲ. ಮತದ ಹೆಸರಿನಲ್ಲಿ ಸುರಿದ ರಕ್ತದ ನೆನಪು ಆ ಸೀಮೆಯಲ್ಲಿ ಹಸಿಯಾಗಿತ್ತು. ಅಂಥ ಊರಿನಲ್ಲಿ ಕನ್ನಡಿಗರು ತಮ್ಮ ಅಧ್ಯಕ್ಷ ಪೀಠದಲ್ಲಿ ಕೂಡ್ರಿಸಿದ್ದು ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು. ಇದು ಮೀಸಲಾತಿಯಿಂದ ಬಂದ ಸ್ಥಾನವಲ್ಲ. ಬೇಡಿ ಪಡೆದದ್ದಲ್ಲ, ಕ್ರಿಸ್ತನನ್ನು ಮರೆಮಾಡಿ ಗಳಿಸಿದ್ದೂ ಅಲ್ಲ.

ಅನಂತರವೂ ಅವರು ಸುಮ್ಮನೆ ಕೂಡ್ರಲಿಲ್ಲ. ಶರಣರ ವಚನಗಳನ್ನು ಶೋಧಿಸಿ, ಅನುಭವ ಮಂಟಪದ ಐತಿಹಾಸಿಕತೆಯ ಕುರಿತು ೧೯೫೧ರಲ್ಲಿ ಪುಸ್ತಕ ಬರೆದರು. ೧೯೫೬ರ ನವಂಬರ್ ೧ರಂದು ಕನ್ನಡ ಸೀಮೆಗಳು ಒಂದಾದದ್ದನ್ನು ಕಣ್ಣಾರೆ ಕಂಡರು. ನಮ್ಮ ಉಡುಪಿ, ಕಾಪು, ಕಾರ್ಕಳಗಳೂ ಅಂದೇ ಧಾರವಾಡದೊಂದಿಗೆ ಒಂದೇ ರಾಜ್ಯಕ್ಕೆ ಸೇರಿದವು. ಅದೇ ಸಾಹಿತ್ಯ ಸಮ್ಮೇಳನವು ೧೯೬೦ರಲ್ಲಿ ನಮ್ಮ ಮಣಿಪಾಲದ ಗುಡ್ಡದ ಮೇಲೆ ಕೂಡಿತು. ೧೯೬೨ರಲ್ಲಿ ಚನ್ನಪ್ಪನವರು ಕರ್ತನಲ್ಲಿ ನಿದ್ರೆಹೋದರು.

ಪ್ರಿಯರೇ, ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ದೇಶಪ್ರೀತಿಯು ಒಳ್ಳೇದು, ಆದರೆ ದೇಶವನ್ನೇ ದೇವರಾಗಿ ಮಾಡುವದು ವಿಗ್ರಹಾರಾಧನೆಯೇ. ನಮಗೆ ಸುವಾರ್ತೆಯನ್ನು ತಂದವರ ಜರ್ಮನಿಯಲ್ಲಿಯೇ ಹಿಟ್ಲರನ ಕಾಲದಲ್ಲಿ ಅನೇಕರು ಕ್ರಿಸ್ತನನ್ನು ತಮ್ಮ ಜನಾಂಗದ ಸೇವಕನನ್ನಾಗಿ ಮಾಡಲು ನೋಡಿದರು. ೧೯೩೪ರಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಕೂಡಿದ ಸಭೆಯವರು ಇದು ಸಲ್ಲದೆಂದು ಸಾರಬೇಕಾಯಿತು. ಚನ್ನಪ್ಪನವರು ಕನ್ನಡವನ್ನು ಪ್ರೀತಿಸಿದರು, ಆದರೆ ಬೋಧಕರೆಂಬ ಹೆಸರನ್ನು ಅದಕ್ಕಾಗಿ ಮಾರಲಿಲ್ಲ. ಪೌಲನು ತನ್ನ ರೋಮಾಪುರದ ಪೌರತ್ವವನ್ನು ಅಲ್ಲಗಳೆಯಲಿಲ್ಲ, ಅದನ್ನು ನಂಬಿ ಬದುಕಲೂ ಇಲ್ಲ. ಬಾಬೆಲಿನ ಸೆರೆಯಲ್ಲಿದ್ದವರಿಗೆ ಯೆರೆಮೀಯನು ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕೆಂದು ಬರೆದನಷ್ಟೆ. ಸೆರೆಯವರೇ ಹಾಗೆ ಮಾಡಬೇಕಾದರೆ, ಹುಟ್ಟಿದ ಮಣ್ಣಿನಲ್ಲಿಯೇ ಇರುವ ನಾವು ಎಷ್ಟೋ ಹೆಚ್ಚಾಗಿ ಮಾಡಬೇಕು.

ಆದಕಾರಣ ಇನ್ನು ಮೇಲೆ ಸಂತೆಯಲ್ಲಿ ಆ ಪ್ರಶ್ನೆ ಬಂದಾಗ ತಲೆ ತಗ್ಗಿಸಬೇಡಿರಿ, ಸಿಟ್ಟಾಗಲೂ ಬೇಡಿರಿ. ನೆರೆಯವನ ಗದ್ದೆಯ ಕಟ್ಟೆ ಒಡೆದ ರಾತ್ರಿ ಹಾರೆ ಹಿಡುಕೊಂಡು ಹೋಗಿರಿ. ಊರಿನ ಶಾಲೆಯ ಕೂಟಕ್ಕೆ ಕರೆದಾಗ ಹಿಂದೆ ನಿಲ್ಲಬೇಡಿರಿ. ನಿಮ್ಮ ಮಕ್ಕಳಿಗೆ ಕನ್ನಡವನ್ನೂ ತುಳುವನ್ನೂ ಶುದ್ಧವಾಗಿ ಕಲಿಸಿರಿ. ಭಾನುವಾರ ಗಂಟೆ ಹೊಡೆದಾಗ ಯಾರಿಗೂ ಅಂಜದೆ ದೇವಾಲಯಕ್ಕೆ ಬನ್ನಿರಿ. ನಾವು ಯಾರ ಕಡೆಯವರೆಂಬದು ಆಗ ನೆರೆಯವರಿಗೆ ತಾನಾಗಿಯೇ ತಿಳಿದುಬರುವದು. ಕರ್ತನು ಇದಕ್ಕೆ ನಮ್ಮೆಲ್ಲರಿಗೂ ಬೇಕಾದ ಕೃಪೆಯನ್ನು ಕೊಡಲಿ.