ಕೋಲ್ಮನ್ನರ ಮಿಡತೆ

ನನ್ನ ಹುಟ್ಟೂರು ನಾಗಮಂಗಲದ ಬೆದ್ದಲು ಸೀಮೆ. ಅನ್ನದ ಋಣ ಪಾಂಡವಪುರದ ಕಾಲೇಜಿನದು. ಮುಗಿಲು ನೋಡಿ ರಾಗಿ ಬಿತ್ತುವ ನೆಲದಿಂದ ಬಂದವನಿಗೆ ವಿಶ್ವೇಶ್ವರಯ್ಯ ನಾಲೆಯ ಕಬ್ಬಿನ ಹಸುರು ಇಂದಿಗೂ ಸೋಜಿಗವೇ. ಆ ಹಸುರಿನೊಡನೆ ಇಲ್ಲಿಯ ಹಿರಿಯರು ನೆನೆಯುವ ಹೆಸರು ಲೆಸ್ಲಿ ಕೋಲ್ಮನ್.

1878ರಲ್ಲಿ ಕೆನಡಾದಲ್ಲಿ ಹುಟ್ಟಿದ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು ಶಿಲೀಂಧ್ರ ಹಾಗೂ ಕೀಟಗಳ ತಜ್ಞರಾಗಿ. ಅಡಕೆಯ ಕೊಳೆರೋಗಕ್ಕೆ ಮದ್ದು ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದರು. ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದರು. 1933ರ ಮೈಸೂರು ಸಕ್ಕರೆ ಕಂಪನಿಯ ಹಿಂದೆ ನಿಂತರು. ಇವೆಲ್ಲ ಬಲ್ಲವರು ಬಲ್ಲ ಸಂಗತಿ. ನನ್ನನ್ನು ಕಾಡುವುದು ಒಂದು ಮಿಡತೆ.

ದಖ್ಖನ್ನಿನ ಜೋಳದ ಹೊಲಗಳನ್ನು ತಿಂದುಹಾಕುತ್ತಿದ್ದ ರೆಕ್ಕೆಯಿಲ್ಲದ ಮಿಡತೆಗೆ 1910ರಲ್ಲಿ ಸ್ಪೇನಿನ ಬೊಲಿವಾರ್ ಕೋಲ್ಮೇನಿಯಾ ಎಂದು ಹೆಸರಿಟ್ಟನು. ಮರುವರ್ಷ ಕುಂಞಿಕಣ್ಣನ್ನರೊಡಗೂಡಿ ಕೋಲ್ಮನ್ನರು ಅದರ ಬಾಳುವೆಯನ್ನು ಬರೆದರು. 1934ರಲ್ಲಿ ತಾಯ್ನಾಡಿಗೆ ಮರಳಿದ ಮೇಲೆ ಅವರು ಸುಮ್ಮನೆ ಕೂಡಬಹುದಿತ್ತು. ಕೂಡಲಿಲ್ಲ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮದರ್ಶಕ ಹಿಡಿದರು. 1938ರಲ್ಲಿ ವರ್ಣತಂತುಗಳಿಗೆ ಬಣ್ಣ ಕಟ್ಟುವ ದ್ರಾವಣವನ್ನು ಕುರಿತು ಬರೆದರು. 1943ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಮಿಡತೆಗಳ ಎಕ್ಸ್ ವರ್ಣತಂತುವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಇಲಾಖೆಯನ್ನೇ ಆಳಿದವರು ಹೀಗೆ ಕಣ್ಣಿಗೆ ಕಾಣದ ಎಳೆಯೊಂದರ ಮುಂದೆ ವಿದ್ಯಾರ್ಥಿಯಂತೆ ಕುಳಿತರಲ್ಲ!

ಹೆಣ್ಣು ಮಿಡತೆಗೆ ಎಕ್ಸ್ ಎರಡು, ಗಂಡಿಗೆ ಒಂದೇ. ವೀರ್ಯಕೋಶ ಒಡೆಯುವಾಗ ಆ ಒಂಟಿ ಎಳೆ ಒಂದು ಪಾಲಿಗೆ ಹೋಗುತ್ತದೆ. ಇನ್ನೊಂದು ಪಾಲು ಬರಿದು. ಆದುದರಿಂದಲೇ ಸಂತಾನದಲ್ಲಿ ಗಂಡೂ ಉಂಟು, ಹೆಣ್ಣೂ ಉಂಟು.

ನಮ್ಮ ಕಬ್ಬಿಗೆ ಬಿಳಿ ಉಣ್ಣೆ ಹೇನು ಮುತ್ತಿದಾಗ ಹುಡುಗನೊಬ್ಬ ಕೇಳಿದನು, ಸಾರ್, ಇವುಗಳಲ್ಲಿ ಗಂಡೇ ಇಲ್ಲವೇ ಎಂದು. ಕನ್ನಡ ಮೇಷ್ಟರನ್ನು ಕೇಳುವ ಪ್ರಶ್ನೆಯೇ ಅದು! ಓದಿ ತಿಳಿದೆ: ಗಿಡಹೇನುಗಳ ಹೆಣ್ಣು ಕೂಡದೆಯೇ ಹೆಣ್ಣುಮರಿ ಈಯುತ್ತದೆ. ಚಳಿನಾಡುಗಳಲ್ಲಿ ಮಾಗಿಯ ಮುಂಚೆ ಮಾತ್ರ ಕೆಲವು ಗಂಡುಗಳು ತಲೆದೋರುತ್ತವೆ. ಅವಕ್ಕೂ ಎಕ್ಸ್ ಒಂದೇ. ಆದರೆ ಕೋಶ ಒಡೆದಾಗ ಎಕ್ಸ್ ಇಲ್ಲದ ಪಾಲು ಮುರುಟಿ ಸಾಯುತ್ತದೆ. ಉಳಿದ ವೀರ್ಯಾಣುಗಳಿಂದ ಹುಟ್ಟುವುದೆಲ್ಲ ಹೆಣ್ಣೇ. ಇದನ್ನು ಕಂಡವರು ಕೋಲ್ಮನ್ನರಲ್ಲ. ಅಮೆರಿಕದ ಮಾರ್ಗನ್ ಮೊದಲಾದವರು, 1909ರ ಸುಮಾರಿಗೆ. ಆದರೂ ಹುಡುಗನಿಗೆ ನಾನು ಹೇಳಿದ್ದು ಕೋಲ್ಮನ್ನರ ಮಿಡತೆಯಿಂದ ಮೊದಲುಮಾಡಿಯೇ.

ಕೋಲ್ಮನ್ 1954ರಲ್ಲಿ ತೀರಿಕೊಂಡರು. ಅವರ ಕಾಲದ ನಾಲೆಯ ನೀರು ನಮ್ಮೂರ ಹೊಲಕ್ಕೆ ಹರಿಯಲಿಲ್ಲ. ಮಿಡತೆಗಳು ಮಾತ್ರ ಅಲ್ಲಿಯೂ ಇವೆ. ರಜೆಗೆ ಹೋದಾಗ ಬದುವಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು ನೋಡುತ್ತೇನೆ.