ಶಾಸನ ಪಿತಾಮಹ ಬಿ.ಎಲ್. ರೈಸ್ (1837–1927)

ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ಕಳಸದ ಸಮೀಪದಲ್ಲಿರುವ ಸಂಸೆ ಗ್ರಾಮವು ಕುದುರೆಮುಖ ಶಿಖರದ ತಪ್ಪಲಿನಲ್ಲಿದೆ. 1,894 ಮೀಟರ್ ಎತ್ತರದ ಈ ಶಿಖರವನ್ನು ಸಂಸೆಯ ಕಡೆಯಿಂದಲೇ ಏರಬೇಕಾಗಿದ್ದುದರಿಂದ ಹಿಂದೆ ಇದಕ್ಕೆ ಸಂಸೆಪರ್ವತ ಎಂಬ ಹೆಸರೂ ಇತ್ತು. ಪಡುವಣ ದಿಕ್ಕಿನಿಂದ ನೋಡಿದಾಗ ಕುದುರೆಯ ಮುಖದಂತೆ ಕಾಣುವ ಈ ಬೆಟ್ಟವು ಅರಬ್ಬಿ ಸಮುದ್ರದ ನಾವಿಕರಿಗೆ ಕರಾವಳಿಯನ್ನು ಗುರುತಿಸಲು ನೆರವಾಗುತ್ತಿತ್ತು. ದೀಪಸ್ತಂಭಗಳು ವಿರಳವಾಗಿದ್ದ ಕಾಲದಲ್ಲಿ ಇಂತಹ ಶಿಖರಗಳೇ ಹಡಗುಗಳಿಗೆ ದಾರಿ ತೋರುವ ಗುರುತುಗಳಾಗಿದ್ದವು.

ಕಾಫಿ ತೋಟಗಳು, ಅಡಿಕೆ ತೋಟಗಳು ಮತ್ತು ದಟ್ಟ ಕಾಡುಗಳಿಂದ ಕೂಡಿದ ಈ ಮಲೆನಾಡಿನ ಇತಿಹಾಸವನ್ನು ತಿಳಿಯಲು ಸಹ ಅಂತಹ ಗುರುತುಗಳು ಬೇಕಾಗುತ್ತವೆ. ದೇವಾಲಯದ ಅಂಗಳ, ಗದ್ದೆಯ ಬದು, ಕೆರೆಯ ಏರಿ ಮತ್ತು ಊರ ಮುಂದಿನ ಕಟ್ಟೆಗಳಲ್ಲಿ ನಿಂತಿರುವ ಶಿಲಾಶಾಸನಗಳೇ ಆ ಗುರುತುಗಳು. ಹಳೆಯ ಮೈಸೂರು ಸಂಸ್ಥಾನದ ಊರೂರುಗಳಲ್ಲಿ ಈ ಕಲ್ಲುಗಳನ್ನು ಹುಡುಕಿಸಿ, ಅಚ್ಚು ತೆಗೆಸಿ, ಓದಿಸಿ, ಮುದ್ರಿಸಿದ ಕೀರ್ತಿ ಬೆಂಜಮಿನ್ ಲೂಯಿ ರೈಸ್ ಅವರಿಗೆ ಸಲ್ಲುತ್ತದೆ. ಕನ್ನಡ ನಾಡಿನ ವಿದ್ವಾಂಸರು ಇವರನ್ನು ಶಾಸನ ಪಿತಾಮಹರೆಂದು ಗೌರವಿಸುತ್ತಾರೆ.

ಜನನ ಮತ್ತು ಆರಂಭದ ವೃತ್ತಿ

ರೈಸ್ ಅವರು 1837ರ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ಇವರ ತಂದೆ ರೆವರೆಂಡ್ ಬೆಂಜಮಿನ್ ರೈಸ್ ಅವರು ಲಂಡನ್ ಮಿಷನ್ ಸಂಸ್ಥೆಯ ಪರವಾಗಿ ಬೆಂಗಳೂರಿನಲ್ಲಿ ಸುಮಾರು ಐವತ್ತು ವರ್ಷ ಸೇವೆ ಸಲ್ಲಿಸಿದವರು. ಸಹೋದರ ಎಡ್ವರ್ಡ್ ಪಿ. ರೈಸ್ ಅವರು ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಸಿದ್ಧರಾದರು. ಹೀಗೆ ಕನ್ನಡ ಭಾಷೆಯ ಪರಿಚಯವು ರೈಸ್ ಅವರಿಗೆ ಬಾಲ್ಯದಿಂದಲೇ ದೊರೆತಿತ್ತು.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿದ ರೈಸ್ ಅವರು 1860ರಲ್ಲಿ ಹುಟ್ಟಿದ ಊರಿಗೆ ಮರಳಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಈ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. 1865ರಲ್ಲಿ ಇವರು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆಗಿ ನೇಮಕಗೊಂಡರು. ಹೋಬಳಿಗೊಂದು ಶಾಲೆ ಇರಬೇಕೆಂಬ 1868ರ ಯೋಜನೆಯಲ್ಲಿಯೂ ಇವರ ಪಾತ್ರವಿತ್ತು. ಮುಂದೆ ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿ ಸೇವೆ ಸಲ್ಲಿಸಿದರು. ಹಂಟರ್ ಅವರ ಅಧ್ಯಕ್ಷತೆಯಲ್ಲಿ 1882ರಲ್ಲಿ ರಚಿತವಾದ ಶಿಕ್ಷಣ ಆಯೋಗಕ್ಕೆ ಕಾರ್ಯದರ್ಶಿಯಾಗಿದ್ದರು.

ಶಾಲೆಗಳ ತಪಾಸಣೆಗಾಗಿ ಕುದುರೆಯ ಮೇಲೆ ಹಳ್ಳಿಯಿಂದ ಹಳ್ಳಿಗೆ ಹೋಗುವಾಗ ಅಕ್ಷರ ಕೆತ್ತಿದ ಕಲ್ಲುಗಳು ಇವರ ಕಣ್ಣಿಗೆ ಬೀಳುತ್ತಿದ್ದವು. ಹಳಗನ್ನಡದ ಲಿಪಿಯನ್ನು ಊರಿನವರು ಓದಲಾರದವರಾಗಿದ್ದರು. ತಮ್ಮ ಊರಿಗೆ ಯಾರು ಕೆರೆ ಕಟ್ಟಿಸಿದರು, ಯಾರು ದನ ಕಾಯ್ದು ಮಡಿದರು, ಯಾವ ಭೂಮಿ ಯಾವ ದೇವರಿಗೆ ದತ್ತಿಯಾಯಿತು ಎಂಬ ವಿವರಗಳು ಊರಿನ ನಡುವೆಯೇ ಇದ್ದರೂ ಊರಿಗೆ ತಿಳಿಯದಾಗಿದ್ದವು. ಇದನ್ನು ಕಂಡ ರೈಸ್ ಅವರಿಗೆ ಶಾಸನಗಳಲ್ಲಿ ಆಸಕ್ತಿ ಮೂಡಿತು. ಉದ್ಯೋಗದ ಜೊತೆಯಲ್ಲಿ ಬೆಳೆದ ಈ ಹವ್ಯಾಸವೇ ಮುಂದೆ ಇವರ ಜೀವನದ ಮುಖ್ಯ ಕಾರ್ಯವಾಯಿತು.

ಛಾಯಾಚಿತ್ರಗಳಿಂದ ಆರಂಭ

ಶಾಸನಗಳ ವ್ಯವಸ್ಥಿತ ಅಧ್ಯಯನಕ್ಕೆ ಛಾಯಾಚಿತ್ರಗಳೇ ನಾಂದಿಯಾದವು ಎಂಬುದು ಗಮನಾರ್ಹ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಯು 1865ರಲ್ಲಿ ಸಂಸ್ಥಾನದ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಆಗ ರೂಢಿಯಲ್ಲಿದ್ದ ಕ್ರಮದಲ್ಲಿ ಗಾಜಿನ ಹಲಗೆಗೆ ಸ್ಥಳದಲ್ಲಿಯೇ ರಾಸಾಯನಿಕ ಲೇಪಿಸಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಆದ್ದರಿಂದ ಕ್ಯಾಮೆರಾದೊಂದಿಗೆ ಕತ್ತಲೆಯ ಡೇರೆ ಮತ್ತು ರಾಸಾಯನಿಕಗಳನ್ನೂ ಗಾಡಿಯಲ್ಲಿ ಸಾಗಿಸಬೇಕಾಗುತ್ತಿತ್ತು.

ಈ ಛಾಯಾಚಿತ್ರಗಳಲ್ಲಿದ್ದ ಬರಹವನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರಿಗೆ ಬಂದಿತು. ಪಂಡಿತರ ನೆರವಿನಿಂದ ಇವರು ಸಿದ್ಧಪಡಿಸಿದ ಮೈಸೂರು ಇನ್‌ಸ್ಕ್ರಿಪ್ಷನ್ಸ್ ಎಂಬ ಗ್ರಂಥವು 1879ರಲ್ಲಿ ಪ್ರಕಟವಾಯಿತು. ಆದರೆ ಸವೆದ ಅಕ್ಷರಗಳು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವುದಿಲ್ಲ. ಒಂದು ಅಕ್ಷರದ ವ್ಯತ್ಯಾಸದಿಂದ ಅರಸನ ಹೆಸರು, ಊರಿನ ಹೆಸರು ಅಥವಾ ಶಕ ವರ್ಷವೇ ಬದಲಾಗುತ್ತದೆ. ಆದುದರಿಂದ ಚಿತ್ರವನ್ನು ಮಾತ್ರ ನಂಬದೆ ಕಲ್ಲು ಇರುವಲ್ಲಿಗೇ ಹೋಗುವುದು ಅನಿವಾರ್ಯವಾಯಿತು.

ಇದೇ ಅವಧಿಯಲ್ಲಿ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರ್ ರಚನೆಯ ಹೊಣೆಯನ್ನೂ ಇವರು ನಿರ್ವಹಿಸಿದರು. ಇದರ ಸಂಪುಟಗಳು 1877–78ರಲ್ಲಿ ಹೊರಬಂದವು. ಪರಿಷ್ಕೃತ ಆವೃತ್ತಿ 1897ರಲ್ಲಿ ಪ್ರಕಟವಾಯಿತು.

ಪ್ರಾಚ್ಯವಸ್ತು ಇಲಾಖೆ ಮತ್ತು ಎಪಿಗ್ರಾಫಿಯ ಕರ್ನಾಟಿಕ

ಮೈಸೂರು ಸಂಸ್ಥಾನದಲ್ಲಿ 1885ರಲ್ಲಿ ಪ್ರಾಚ್ಯವಸ್ತು ಇಲಾಖೆ ಸ್ಥಾಪನೆಯಾಯಿತು. ಮೊದಲು ಇತರ ಹುದ್ದೆಯ ಜೊತೆಗೆ ಈ ಕಾರ್ಯವನ್ನು ನಿರ್ವಹಿಸಿದ ರೈಸ್ ಅವರು 1890ರಿಂದ ಪೂರ್ಣಾವಧಿ ನಿರ್ದೇಶಕರಾದರು. ಪ್ರತಿಯೊಂದು ತಾಲ್ಲೂಕಿನ ಶಾಸನಗಳನ್ನು ಒಂದೂ ಬಿಡದಂತೆ ಸಂಗ್ರಹಿಸುವುದು ಇವರ ಉದ್ದೇಶವಾಗಿತ್ತು.

ಶಾಸನದ ಅಚ್ಚು ತೆಗೆಯುವ ಕ್ರಮ ಹೀಗಿದೆ. ಮೊದಲು ಕಲ್ಲನ್ನು ತೊಳೆದು ಹಾವಸೆ ಮತ್ತು ಮಣ್ಣನ್ನು ತೆಗೆಯಲಾಗುತ್ತದೆ. ಅನಂತರ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ ಬ್ರಷ್‌ನಿಂದ ಬಡಿಯಲಾಗುತ್ತದೆ. ಕಾಗದವು ಅಕ್ಷರಗಳ ತಗ್ಗಿನೊಳಕ್ಕೆ ಇಳಿದ ಬಳಿಕ ಮೇಲ್ಮೈಗೆ ಮಸಿ ಹಚ್ಚಿದರೆ ಅಕ್ಷರಗಳು ಕಪ್ಪು ಹಿನ್ನೆಲೆಯಲ್ಲಿ ಬಿಳಿಯಾಗಿ ಕಾಣುತ್ತವೆ. ಒಣಗಿದ ಕಾಗದವನ್ನು ಕಚೇರಿಗೆ ಒಯ್ದು ನಿಧಾನವಾಗಿ ಓದಬಹುದು.

ಇದರ ಫಲವಾಗಿ ಎಪಿಗ್ರಾಫಿಯ ಕರ್ನಾಟಿಕ ಎಂಬ ಮಾಲೆಯ 12 ಸಂಪುಟಗಳು 1886ರಿಂದ 1905ರ ನಡುವೆ ಪ್ರಕಟವಾದವು. ಇವುಗಳಲ್ಲಿರುವ ಶಾಸನಗಳ ಸಂಖ್ಯೆ 8,869. ಕೊಡಗಿನ ಸಂಪುಟ 1886ರಲ್ಲಿ ಮತ್ತು ಶ್ರವಣಬೆಳಗೊಳದ ಸಂಪುಟ 1889ರಲ್ಲಿ ಹೊರಬಂದವು. ಶಾಸನಗಳ ಮೂಲ ಪಾಠವನ್ನು ಕನ್ನಡ ಲಿಪಿಯಲ್ಲಿ ಮತ್ತು ರೋಮನ್ ಲಿಪಿಯಲ್ಲಿ ಕೊಟ್ಟು, ಇಂಗ್ಲಿಷ್ ಅನುವಾದ ಮತ್ತು ದೀರ್ಘ ಪೀಠಿಕೆಗಳನ್ನು ಸೇರಿಸಲಾಗಿದೆ. ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆಯಿಂದ ಶಾಸನವನ್ನು ಸೂಚಿಸುವ ಪದ್ಧತಿಯು ಸಂಶೋಧಕರಲ್ಲಿ ನೆಲೆಯೂರಿತು.

ಈ ಕಾರ್ಯವು ಒಬ್ಬರದಾಗಿರಲಿಲ್ಲ. ಬಿಸಿಲು ಮಳೆಯೆನ್ನದೆ ಅಚ್ಚು ತೆಗೆದ ಸಿಬ್ಬಂದಿ ಮತ್ತು ಹಳಗನ್ನಡ, ಸಂಸ್ಕೃತ, ತಮಿಳು ಪಾಠಗಳನ್ನು ಬಿಡಿಸಿದ ಪಂಡಿತರ ಪರಿಶ್ರಮವು ಇದರಲ್ಲಿ ಅಡಗಿದೆ. ರೈಸ್ ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅವರ ಉತ್ತರಾಧಿಕಾರಿಯಾದರು.

ಪ್ರಮುಖ ಶೋಧನೆಗಳು

1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ರೈಸ್ ಅವರು ಬೆಳಕಿಗೆ ತಂದರು. ಮೌರ್ಯರ ಆಳ್ವಿಕೆಯು ಕನ್ನಡ ನಾಡಿನವರೆಗೆ ವ್ಯಾಪಿಸಿತ್ತು ಎಂಬುದಕ್ಕೆ ಇದರಿಂದ ಕಲ್ಲಿನ ಆಧಾರ ದೊರೆಯಿತು. ಈ ಶಾಸನಗಳು ಬ್ರಾಹ್ಮೀ ಲಿಪಿಯಲ್ಲಿವೆ. ಆದರೆ ಬರೆದವನಾದ ಚಪಡನು ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ.

ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭ ಶಾಸನವನ್ನು 1894ರಲ್ಲಿ ಇವರು ಪತ್ತೆ ಹಚ್ಚಿದರು. ಕದಂಬ ವಂಶದ ಮೂಲ ಮತ್ತು ಮಯೂರಶರ್ಮನ ವೃತ್ತಾಂತವು ಈ ಶಾಸನದಿಂದಲೇ ವಿವರವಾಗಿ ತಿಳಿದುಬಂದಿತು. ಶಾಸನಗಳ ಜೊತೆಗೆ ತಾಳೆಗರಿ ಗ್ರಂಥಗಳನ್ನೂ ಸಂಗ್ರಹಿಸಿ, ಪಂಪ ಭಾರತ ಮೊದಲಾದ ಕಾವ್ಯಗಳನ್ನು ಬಿಬ್ಲಿಯೋಥೆಕ ಕರ್ನಾಟಿಕ ಮಾಲೆಯಲ್ಲಿ ಸಂಪಾದಿಸಿದರು. ಕವಿರಾಜಮಾರ್ಗವು 1898ರಲ್ಲಿ ಕೆ.ಬಿ. ಪಾಠಕ್ ಅವರ ಸಂಪಾದಕತ್ವದಲ್ಲಿ ಇದೇ ಮಾಲೆಯಲ್ಲಿ ಮುದ್ರಣಗೊಂಡಿತು.

ಮೂಡಿಗೆರೆ ಮತ್ತು ಕಳಸದ ಶಾಸನಗಳು

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದು ಹೆಸರಿತ್ತು. ಈ ಜಿಲ್ಲೆಯ ಶಾಸನಗಳು ಮಾಲೆಯ 6ನೆಯ ಸಂಪುಟವಾಗಿ 1901ರಲ್ಲಿ ಪ್ರಕಟವಾದವು. ವರ್ಷದ ಹಲವು ತಿಂಗಳು ಮಳೆ ಸುರಿಯುವ ಈ ಸೀಮೆಯಲ್ಲಿ ಕಲ್ಲುಗಳ ಮೇಲೆ ಹಾವಸೆ ಬೆಳೆಯುವುದರಿಂದ ಅಕ್ಷರಗಳನ್ನು ಓದುವುದು ಬಯಲುಸೀಮೆಗಿಂತ ಕಷ್ಟ.

ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಗ್ರಾಮವೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಎಂದು ರೈಸ್ ಅವರು ಗುರುತಿಸಿದರು. ಬೇಲೂರು ಹಳೇಬೀಡುಗಳಲ್ಲಿ ಭವ್ಯ ದೇವಾಲಯಗಳನ್ನು ಕಟ್ಟಿಸಿದ ಅರಸುಮನೆತನದ ಆರಂಭವು ಮಲೆನಾಡಿನ ಒಂದು ಸಣ್ಣ ಊರಿನಲ್ಲಿತ್ತೆಂಬುದು ಹೀಗೆ ಖಚಿತವಾಯಿತು. ವಿಜಯನಗರದ ಸಂಗಮ ಸಹೋದರರು ಶೃಂಗೇರಿ ಮಠಕ್ಕೆ 1346ರಲ್ಲಿ ನೀಡಿದ ದತ್ತಿಯ ಶಾಸನವೂ ಈ ಸಂಪುಟದಲ್ಲಿದೆ.

ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು ನಂತರ ಪ್ರತ್ಯೇಕ ತಾಲ್ಲೂಕಾದ ಕಳಸದ ಕಳಸೇಶ್ವರ ದೇವಾಲಯದ ಶಾಸನಗಳು ವಿಶೇಷ ಮಹತ್ವ ಪಡೆದಿವೆ. ಹೊಂಬುಜದ ಸಾಂತರರ ಶಾಖೆಯೊಂದು ಕಳಸದಲ್ಲಿ ನೆಲೆಸಿ, ಮುಂದೆ ಕಾರ್ಕಳದ ಭೈರರಸರೆಂದು ಪ್ರಸಿದ್ಧವಾಯಿತು. 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ ಮತ್ತು ಕಾಳಲ ಮಹಾದೇವಿ ಎಂಬ ರಾಣಿಯರು ಕಳಸ ರಾಜ್ಯವನ್ನು ಆಳಿದ ಸಂಗತಿಯು ಈ ಶಾಸನಗಳಿಂದ ತಿಳಿದುಬಂದಿದೆ. ಕಲ್ಲುಗಳು ಉಳಿಯದೆ ಹೋಗಿದ್ದರೆ ಈ ಇಬ್ಬರು ರಾಣಿಯರ ಹೆಸರೂ ಮರೆತುಹೋಗುವ ಸಂಭವವಿತ್ತು.

ಕೃತಿಯ ಮಿತಿಗಳು

ಇಷ್ಟು ವಿಸ್ತಾರವಾದ ಕಾರ್ಯದಲ್ಲಿ ದೋಷಗಳೂ ಉಳಿದವು. ಕೆಲವು ಪಾಠಗಳನ್ನು ನಂತರದ ವಿದ್ವಾಂಸರು ತಿದ್ದಿದರು. ಗಂಗರ ಆರಂಭಕಾಲದ ತಾಮ್ರಪಟಗಳನ್ನು ರೈಸ್ ಅವರು ನೈಜವೆಂದು ಭಾವಿಸಿದರೆ, ಸಮಕಾಲೀನ ವಿದ್ವಾಂಸರಾದ ಜೆ.ಎಫ್. ಫ್ಲೀಟ್ ಅವರು ಅವುಗಳಲ್ಲಿ ಹಲವು ಕೃತಕವೆಂದು ವಾದಿಸಿದರು. ಈ ಚರ್ಚೆಯು ದೀರ್ಘಕಾಲ ನಡೆದು, ಶಾಸನಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವ ಅಭ್ಯಾಸಕ್ಕೆ ಕಾರಣವಾಯಿತು.

ಕೆಲವು ಕಲ್ಲುಗಳು ಇವರ ಸಂಪುಟಗಳಲ್ಲಿ ಸೇರದೆ ಉಳಿದವು. ಹಾಸನ ಜಿಲ್ಲೆಯ ಸಂಪುಟವು 1902ರಲ್ಲಿಯೇ ಪ್ರಕಟವಾದರೂ, ಬೇಲೂರು ತಾಲ್ಲೂಕಿನ ಹಲ್ಮಿಡಿಯ ಪ್ರಸಿದ್ಧ ಕನ್ನಡ ಶಾಸನವನ್ನು ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಶ್ರವಣಬೆಳಗೊಳದಲ್ಲಿ ರೈಸ್ ಅವರು ಪ್ರಕಟಿಸಿದ ಶಾಸನಗಳು 144. ನರಸಿಂಹಾಚಾರ್ಯರ 1923ರ ಪರಿಷ್ಕೃತ ಸಂಪುಟದಲ್ಲಿ ಇವು 500ಕ್ಕೆ ಏರಿದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಈ ಮಾಲೆಯ ಪರಿಷ್ಕೃತ ಸಂಪುಟಗಳನ್ನು ಹೊರತರಲು ಆರಂಭಿಸಿತು.

ಕೊನೆಯ ದಿನಗಳು

ರೈಸ್ ಅವರು 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ನಿವೃತ್ತಿಯ ನಂತರವೂ ಅಧ್ಯಯನವನ್ನು ಬಿಡಲಿಲ್ಲ. ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಒಂದೇ ಗ್ರಂಥದಲ್ಲಿ ಸಂಗ್ರಹಿಸಿ 1909ರಲ್ಲಿ ಪ್ರಕಟಿಸಿದರು. ಕೊಡಗಿನ ಶಾಸನಗಳ ಸಂಪುಟವನ್ನು ಸ್ವತಃ ಪರಿಷ್ಕರಿಸಿ 1914ರಲ್ಲಿ ಹೊರತಂದರು. 1927ರ ಜುಲೈ 10ರಂದು, ತೊಂಬತ್ತು ವರ್ಷ ತುಂಬಲು ಒಂದು ವಾರವಿರುವಾಗ, ಹ್ಯಾರೋ ಪಟ್ಟಣದಲ್ಲಿ ನಿಧನರಾದರು.

ಸಾರ್ವಜನಿಕರ ಗಮನಕ್ಕೆ

ರೈಸ್ ಅವರು ದಾಖಲಿಸಿದ ಎಲ್ಲ ಕಲ್ಲುಗಳೂ ಇಂದು ಉಳಿದಿಲ್ಲ. ಬೆಂಗಳೂರಿನ ಸುತ್ತಮುತ್ತ ನಗರ ಬೆಳೆದಂತೆ ಹಲವು ಶಾಸನಗಳು ಕಣ್ಮರೆಯಾಗಿದ್ದು, ಅವುಗಳ ಪಾಠವು ಈ ಸಂಪುಟಗಳಲ್ಲಿ ಮಾತ್ರ ಲಭ್ಯವಿದೆ. ಉಳಿದವುಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುವ ಕಾರ್ಯವನ್ನು ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿತು. ಐತಿಹಾಸಿಕ ಸ್ಥಳಗಳಿಗೆ ಭೇಟಿ ನೀಡುವವರು, ಛಾಯಾಚಿತ್ರ ತೆಗೆಯುವವರು ಮತ್ತು ನಿರ್ಮಾಣ ಕಾಮಗಾರಿ ಕೈಗೊಳ್ಳುವವರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

1. ಶಾಸನದ ಕಲ್ಲಿಗೆ ಬಣ್ಣ, ಸುಣ್ಣ ಅಥವಾ ಎಣ್ಣೆ ಹಚ್ಚಬಾರದು. ಅಕ್ಷರಗಳನ್ನು ಮೊಳೆ, ಚಾಕು ಮುಂತಾದವುಗಳಿಂದ ಕೆರೆಯಬಾರದು.

2. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳ ತಗ್ಗಿನಲ್ಲಿ ನೆರಳು ಬೀಳುವುದರಿಂದ ಆ ವೇಳೆಯಲ್ಲಿ ತೆಗೆದ ಚಿತ್ರವು ಓದಲು ಅನುಕೂಲವಾಗುತ್ತದೆ. ಕಲ್ಲಿನ ಎಲ್ಲ ಮುಖಗಳನ್ನೂ ಚಿತ್ರಿಸಿ, ಗ್ರಾಮ, ಸ್ಥಳ ಮತ್ತು ದಿನಾಂಕವನ್ನು ಬರೆದಿಡುವುದು ಸೂಕ್ತ.

3. ಮನೆ, ರಸ್ತೆ ಅಥವಾ ತೋಟದ ಕೆಲಸದ ವೇಳೆ ಬರಹವಿರುವ ಕಲ್ಲು ಕಂಡುಬಂದಲ್ಲಿ ಅದನ್ನು ಸ್ಥಳಾಂತರಿಸದೆ ಸ್ಥಳೀಯ ಅಧಿಕಾರಿಗಳ ಗಮನಕ್ಕೆ ತರುವುದು. ಕಲ್ಲು ನಿಂತಿರುವ ಸ್ಥಳವೂ ಅದರ ಬರಹದಷ್ಟೇ ಮುಖ್ಯವಾದ ಮಾಹಿತಿಯಾಗಿರುತ್ತದೆ.

4. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವೆಂದೂ, ಅದರ ಆಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವೆಂದೂ 2010ರ ತಿದ್ದುಪಡಿ ಕಾಯಿದೆಯಲ್ಲಿ ನಿಗದಿಪಡಿಸಲಾಗಿದೆ. ನಿರ್ಮಾಣ ಆರಂಭಿಸುವ ಮೊದಲೇ ಈ ಬಗ್ಗೆ ಖಚಿತಪಡಿಸಿಕೊಳ್ಳುವುದು.

ಕೆಲಸದ ನಿಮಿತ್ತ ಊರೂರು ಸುತ್ತಿದ ಒಬ್ಬ ಅಧಿಕಾರಿಯು ದಾರಿಯ ಕಲ್ಲನ್ನು ನಿಂತು ನೋಡಿದುದರಿಂದ ನಾಡಿನ ಸಾವಿರಾರು ಊರುಗಳಿಗೆ ತಮ್ಮ ಇತಿಹಾಸ ಮರಳಿ ದೊರೆಯಿತು. ಸಂಸೆ, ಕಳಸ, ಮೂಡಿಗೆರೆಗಳಂತಹ ಮಲೆನಾಡಿನ ಊರುಗಳಲ್ಲಿ ಇನ್ನೂ ಓದದೆ ಉಳಿದ ಕಲ್ಲುಗಳಿದ್ದಲ್ಲಿ, ಅವುಗಳನ್ನು ಮೊದಲು ಕಾಣುವವರು ಅಲ್ಲಿನ ನಾಗರಿಕರೇ ಆಗಿರುತ್ತಾರೆ.